ಏಳನೆಯ ಸಾಲು

ಬೆಳಗಿನ ಪ್ರಾರ್ಥನೆಯಲ್ಲಿ ನಾನೂರು ಮಕ್ಕಳು ಕಣ್ಣು ಮುಚ್ಚಿ ನಿಂತಿದ್ದಾಗ ಟೈಲರನ ಮಗಳು ಸೀನಿದಳು. ಆ ಸೀನಿನ ರಭಸಕ್ಕೆ ಅವಳ ಸ್ಕರ್ಟಿನ ಸೊಂಟದ ಹುಕ್ಕು ಕಿತ್ತು, ಮುಂದಿನ ಸಾಲಿನ ಮಕ್ಕಳ ತಲೆಯ ಮೇಲಿಂದ ಹಾರಿ, ಹೆಡ್‌ಮಿಸ್ಸಿನ ಕನ್ನಡಕಕ್ಕೆ ಟಿಣ್ ಎಂದು ಬಡಿಯಿತು. ನಾನೂರು ಮಕ್ಕಳೂ ಒಟ್ಟಿಗೆ ಕಣ್ಣು ತೆರೆದರು.

ಶಾಲೆಯಿಂದ ಫೋನು ಬಂದಾಗ ಟೈಲರ್ ಯಾರದೋ ಕೋಟಿನ ತೋಳು ಕತ್ತರಿಸುತ್ತಿದ್ದ. ಮಗಳಿಗೆ ಏನೂ ಆಗಿಲ್ಲ ಎಂದು ತಿಳಿದ ಮೇಲೆ ಅವನನ್ನು ಕಾಡಿದ್ದು ಹುಕ್ಕು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಹಾಕಿದ ಒಂದೇ ಒಂದು ಹುಕ್ಕೂ ಕಿತ್ತು ಬಂದಿರಲಿಲ್ಲ. ಬಟ್ಟೆ ಹರಿದರೂ ಹುಕ್ಕು ಅಲ್ಲೇ ಅಂಟಿಕೊಂಡಿರುತ್ತಿತ್ತು. ಇದು ಹೇಗೆ ಹಾರಿತು ಎಂದು ಯೋಚಿಸುತ್ತಲೇ ಶಾಲೆಯ ಮೆಟ್ಟಿಲು ಹತ್ತಿದ.

ಹೆಡ್‌ಮಿಸ್ಸು ಹುಕ್ಕನ್ನು ಒಂದು ಕಾಗದದ ಮೇಲಿಟ್ಟು, ಕಳ್ಳನಿಂದ ವಶಪಡಿಸಿಕೊಂಡ ಮಾಲಿನಂತೆ ತೋರಿಸಿದರು. ಆದರೆ ಅವರು ಕರೆಸಿದ್ದು ಹುಕ್ಕಿಗಾಗಿ ಅಲ್ಲ. ಮೊದಲ ಪೀರಿಯಡ್ಡಿನಲ್ಲೇ ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಳು. ಅವಳ ಗೊರಕೆ ಕೇಳಿ ಲೆಕ್ಕದ ಮೇಷ್ಟ್ರು, ಹೊರಗೆ ಯಾವುದೋ ಲಾರಿ ಕೆಟ್ಟು ನಿಂತಿದೆಯೆಂದು ಕಿಟಕಿ ಮುಚ್ಚಿಸಿದ್ದರಂತೆ. ಈ ವಾರದಲ್ಲಿ ಇದು ಮೂರನೆಯ ಸಲ.

"ರಾತ್ರಿ ನಿದ್ದೆ ಮಾಡಲ್ವಾ ಇವಳು?"

"ಮಾಡ್ತಾಳೆ ಮೇಡಂ. ನಮ್ಮ ಕಟ್ಟಡಕ್ಕೆಲ್ಲ ಗೊತ್ತು."

ಇವತ್ತೇ ಡಾಕ್ಟರಿಗೆ ತೋರಿಸಿ ಚೀಟಿ ತರಬೇಕು, ಇಲ್ಲದಿದ್ದರೆ ನಾಳೆ ಕಳಿಸುವುದು ಬೇಡ ಎಂದರು. ಒಂಬತ್ತು ವರ್ಷದ ಪುಟ್ಟಿ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಸ್ಕರ್ಟಿನ ಸೊಂಟ ಹಿಡಿದುಕೊಂಡು ಅಪ್ಪನ ಹಿಂದೆ ಬಂದಳು. ಪುಟ್ಟಿ ಎಂದು ಹೆಸರಿಟ್ಟಾಗ ಅವಳು ಅಂಗೈಯಗಲ ಇದ್ದಳು. ಬೇಕರಿಯ ಮುಂದೆ ಟೈಲರನ ಕಾಲು ಅಭ್ಯಾಸಬಲದಿಂದ ನಿಂತಿತು. ಮಗಳು ಕೇಳಲಿಲ್ಲ, ಆದರೂ ಒಂದು ಕ್ರೀಂ ಬನ್ನು ಕೊಡಿಸಿದ. ಬೇಜಾರಿನಲ್ಲಿದ್ದಾಳೆ, ಪಾಪ ಎಂದುಕೊಂಡ. ಖುಷಿಯಲ್ಲಿದ್ದ ದಿನಗಳಲ್ಲೂ ಕೊಡಿಸುತ್ತಿದ್ದ.

ಕಟ್ಟಡದ ಬಾಗಿಲಲ್ಲಿ ಮೇಲಿನ ಮನೆಯ ಪೋಸ್ಟ್‌ಮಾಸ್ಟರ್ ಅಜ್ಜ ಕುಳಿತಿದ್ದರು. ರಿಟೈರ್ ಆದಮೇಲೆ ಎಲ್ಲರ ಸುದ್ದಿಯನ್ನೂ ಮನೆಮನೆಗೆ ತಲುಪಿಸುವ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸಿದ್ದರು. ವಿಷಯ ಕೇಳಿ, ಗೊರಕೆಯೆಂದರೆ ಗಾಢ ನಿದ್ದೆ, ಗಾಢ ನಿದ್ದೆಯೆಂದರೆ ಆರೋಗ್ಯ, ಡಾಕ್ಟರಿಗೆ ಯಾಕೆ ತೋರಿಸುತ್ತೀ ಎಂದರು. ಇಸ್ತ್ರಿಯಂಗಡಿಯ ಅಕ್ಕ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದೇ ಬಂದು, ಮಗು ಮೈಕೈ ತುಂಬಿಕೊಂಡಿರುವುದಕ್ಕೆ ಆ ಹೆಡ್‌ಮಿಸ್ಸಿನ ಕಣ್ಣೇ ಬಿದ್ದಿದೆ ಎಂದಳು.

"ಮತ್ತೆ, ಎಲ್ಲಿ ಒಂದೇ ಸಮ ಗೊರಕೆ ಹೊಡೀತಾಳೆ?" ಎಂದರು ಅಜ್ಜ. "ನಡುನಡುವೆ ಪೂರ್ತಿ ನಿಲ್ಲಿಸ್ತಾಳಪ್ಪ. ಆಗಲೇ ನಾವೂ ಒಂದು ಚೂರು ಕಣ್ಣು ಮುಚ್ಚೋದು."

ಟೈಲರ್ ನಕ್ಕ. ಅವನಿಗೂ ಆ ಮೌನ ಗೊತ್ತಿತ್ತು. ಎಷ್ಟೋ ಸಲ ಅದು ಬಂದಾಗ, ಸದ್ಯ, ಮಗು ಈಗ ನೆಮ್ಮದಿಯಾಗಿ ಮಲಗಿತು ಎಂದು ಪಕ್ಕಕ್ಕೆ ಹೊರಳಿದ್ದ.

ಡಾಕ್ಟರ್ ಹಳೆಯ ಗಿರಾಕಿ. ಬಟ್ಟೆ ಬಿಗಿಯಾಗುವುದೇ ಇಲ್ಲ ಎಂದು ಟೈಲರನ ಅಂಗಡಿಗೆ ಊರಲ್ಲೆಲ್ಲ ಹೆಸರಿತ್ತು, ಡಾಕ್ಟರಂತೂ ಅದನ್ನು ರೋಗಿಗಳಿಗೂ ಹೇಳುತ್ತಿದ್ದರು. "ಆರು ವರ್ಷದಿಂದ ನನ್ನ ಸೊಂಟ ಮೂವತ್ನಾಲ್ಕೇ. ಇವರು ಹೊಲಿದ ಪ್ಯಾಂಟೇ ಸಾಕ್ಷಿ," ಎಂದು ಜೊತೆಗೆ ಬಂದಿದ್ದ ಟೈಲರನ ಹೆಂಡತಿಗೂ ಹೇಳಿ, ಪುಟ್ಟಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮುಳ್ಳು ಓಡಿದ ದೂರ ನೋಡಿ ಅವರ ನಗು ಇಳಿಯಿತು.

"ಈ ತೂಕ ಈಚೆಗೆ ಬಂದಿದ್ದೋ, ಮೊದಲಿಂದಲೂ ಹೀಗೇನೋ?"

"ಮೊದಲಿಂದಲೂ ಹೀಗೇ ಸಾರ್," ಎಂದಳು ಹೆಂಡತಿ. "ಎರಡು ವರ್ಷದಿಂದ ಅದೇ ಸ್ಕರ್ಟ್ ಹಾಕ್ಕೊಂಡು ಹೋಗ್ತಾಳೆ. ಉದ್ದ ಮಾತ್ರ ಬಿಟ್ಟಿದಾರೆ. ಅಲ್ವೇನ್ರೀ?"

ಟೈಲರ್ ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದ.

ಹಾಗಾದರೆ ನೆಗಡಿಯ ಗೊರಕೆ ಇರಬಹುದು ಎಂದು ಡಾಕ್ಟರ್ ಬರೆಯತೊಡಗಿದರು. ಮೂಗಿಗೆ ಹನಿ ಹಾಕಿ, ಶಾಲೆಯ ಪರೀಕ್ಷೆ ಮುಗಿದ ಮೇಲೆ ನೋಡೋಣ. ತೂಕ ಬೇಗ ಏರಿದ್ದರೆ ಮಾತ್ರ ಬೇರೆ ಮಾತು, ಕುತ್ತಿಗೆಯ ಸುತ್ತ ಕೊಬ್ಬು ಸೇರಿ ಮಲಗಿದಾಗ ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಗೊರಕೆ ತಟ್ಟನೆ ನಿಂತಿತು ಅಂದರೆ ಉಸಿರೇ ನಿಂತಿದೆ ಅಂತ.

ಚೀಟಿ ಹಿಡಿದು ಮೂವರೂ ಹೊರಟರು. ಟೈಲರ್ ಬಾಗಿಲವರೆಗೆ ಹೋದ, ಚಪ್ಪಲಿಯೊಳಗೆ ಒಂದು ಕಾಲನ್ನೂ ಹಾಕಿದ. ಆ ಮೌನ ಬಂದಾಗಲೆಲ್ಲ ತಾನು ಸಮಾಧಾನಪಟ್ಟು ಪಕ್ಕಕ್ಕೆ ಹೊರಳಿದ್ದು ನೆನಪಾಯಿತು. ಒಂದೇ ಚಪ್ಪಲಿಯಲ್ಲಿ ಒಳಗೆ ಬಂದ.

"ಸಾರ್, ಸ್ಕರ್ಟ್ ಅದೇ. ಅಗಲ ಅದಲ್ಲ."

ಎರಡು ವರ್ಷದ ಹಿಂದೆ ಅಂಗಡಿಯಲ್ಲಿ ಮಗಳ ಸೊಂಟಕ್ಕೆ ಟೇಪು ಹಿಡಿದಿದ್ದಾಗ ಒಬ್ಬ ಗಿರಾಕಿ, ಅಪ್ಪನ ಟೇಪು ಸಾಲುವುದಿಲ್ಲ ಎಂದು ನಕ್ಕಿದ್ದ. ಪುಟ್ಟಿ ಆ ಸಂಜೆಯೆಲ್ಲ ಬಚ್ಚಲಿನ ಬಾಗಿಲು ಹಾಕಿಕೊಂಡು ಕುಳಿತಿದ್ದಳು. ಅಂದಿನಿಂದ ಅವನು ಅವಳಿಗೆ ಟೇಪು ಹಿಡಿಯಲಿಲ್ಲ. ಅವಳು ಸೊಂಟದ ಪಟ್ಟಿ ಎಳೆದುಕೊಳ್ಳುವುದು ಕಂಡರೆ ಸಾಕು, ಯಾರೂ ಇಲ್ಲದಾಗ ಸ್ಕರ್ಟಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟಿದ್ದ ಬಟ್ಟೆಯಿಂದ ಅರ್ಧ ಇಂಚು ಬಿಟ್ಟುಕೊಡುತ್ತಿದ್ದ. ಉದ್ದ ಬಿಡುವುದು ಎಲ್ಲರ ಮುಂದೆ, ಅಗಲ ಬಿಡುವುದು ಗುಟ್ಟಾಗಿ. ಮಗು ಪಾಪ, ತಾನು ದಪ್ಪಗಾಗುತ್ತಿದ್ದೇನೆಂದು ತಿಳಿಯದೆ ನಗುತ್ತಾ ಇರಲಿ ಎಂದು.

"ಎಷ್ಟು ಸಲ ಬಿಚ್ಚಿದ್ರಿ?"

"ನಾಲ್ಕು. ಆಮೇಲೆ ಬೇಕಾಗಲಿಲ್ಲ ಸಾರ್. ಆರು ತಿಂಗಳಿಂದ ಅವಳು ಸೊಂಟ ಎಳ್ಕೊಂಡಿಲ್ಲ. ಕರಗ್ತಾ ಇದಾಳೆ ಅಂತ ನಾನು..."

ಡಾಕ್ಟರ್ ಪುಟ್ಟಿಯನ್ನು ಹತ್ತಿರ ಕರೆದು ಸೊಂಟದ ಪಟ್ಟಿಯ ಒಳಮಗ್ಗುಲನ್ನು ಹೊರಳಿಸಿ ನೋಡಿದರು. ಬಿಚ್ಚಿದ ಹೊಲಿಗೆ ಹೋದರೂ ಸೂಜಿಯ ತೂತು ಉಳಿಯುತ್ತದೆ. ಒಂದರ ಪಕ್ಕ ಒಂದರಂತೆ, ಇರುವೆಗಳು ಸಾಲುಗಟ್ಟಿ ಹೋದ ಗುರುತಿನ ಹಾಗೆ ತೂತಿನ ಸಾಲುಗಳಿದ್ದವು. ಅವರು ಪೆನ್ನಿನ ತುದಿಯಲ್ಲಿ ಎಣಿಸಿದರು.

"ಆರು ಸಾಲು ತೂತು. ಈಗಿನ ಹೊಲಿಗೆ ಸೇರಿ ಏಳು."

"ಇರಲಾರದು ಸಾರ್. ಮೊದಲು ಹೊಲಿದದ್ದು ಬಿಟ್ಟರೆ ನಾಲ್ಕೇ ಸಲ. ಐದಿರಬೇಕು."

ಟೈಲರ್ ಬಗ್ಗಿ ನೋಡಿದ. ಮೊದಲ ಐದು ಸಾಲು ಅವನವೇ, ಸ್ಕೇಲಿಟ್ಟು ಎಳೆದ ಗೆರೆಯಂತೆ ನೇರ. ಆರನೆಯದು ಕುಡಿದವನು ನಡೆದ ದಾರಿ. ಏಳನೆಯದು ಕೈಹೊಲಿಗೆ, ನೀಲಿ ಬಟ್ಟೆಗೆ ಕಪ್ಪು ದಾರ, ದೊಡ್ಡ ದೊಡ್ಡ ಹೊಲಿಗೆ. ಹುಕ್ಕು ಕಿತ್ತು ಹೋದ ಜಾಗದಲ್ಲೂ ಅದೇ ಕಪ್ಪು ದಾರ ನೇತಾಡುತ್ತಿತ್ತು. ಅವನು ಹೆಂಡತಿಯ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ಕೆಳಗೆ ಮಗಳನ್ನು ನೋಡಿದರು.

"ನಾನೇ," ಎಂದಳು ಪುಟ್ಟಿ. "ಅಪ್ಪ ಮಾಡೋದು ಬಾಗಿಲ ಸಂದೀಲಿ ನೋಡಿದ್ದೆ. ಬಿಚ್ಚುವಾಗ ಅಪ್ಪನ ಮುಖ ಒಂಥರಾ ಆಗುತ್ತೆ. ಅದಕ್ಕೇ ನಾನೇ ಮಾಡ್ಕೊಂಡೆ."

ಹುಕ್ಕನ್ನು ಹೇಗೆ ಹಾಕಬೇಕೆಂದು ಅವಳಿಗೆ ಕಲಿಸಬೇಕಿತ್ತು ಎಂಬ ಒಂದು ಹುಚ್ಚು ಯೋಚನೆ ಟೈಲರನ ತಲೆಯಲ್ಲಿ ಬಂದು ಹೋಯಿತು. ಮಗಳಿಗೆ ಅವನು ಕಲಿಸಿದ್ದು ಒಂದೇ, ಏನೂ ಆಗಿಲ್ಲದವರಂತೆ ಇರುವುದು. ಅದನ್ನವಳು ಅಚ್ಚುಕಟ್ಟಾಗಿ ಕಲಿತಿದ್ದಳು.

ಡಾಕ್ಟರ್ ಹಳೆಯ ಚೀಟಿ ಹರಿದು ದೊಡ್ಡಾಸ್ಪತ್ರೆಗೆ ಕಾಗದ ಬರೆದರು. ಮೈಗೆ ವೈರು ಅಂಟಿಸಿ ಮಲಗಿಸಿ ಉಸಿರು ನೋಡುತ್ತಾರೆ, ನಾಳೆಯೇ ಹೋಗಿ. ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿಸಿ, ಗೊರಕೆ ನಿಂತರೆ ಎಣಿಸಿ, ಹತ್ತು ದಾಟಿದರೆ ಅಲುಗಾಡಿಸಿ. ಬನ್ನು ಸಾಕು. ದಿನಾ ಆಟ ಆಡಲಿ.

ತಾಯಿ ಮಗಳು ಹೊರಗೆ ಹೋದ ಮೇಲೆ ಅವರು ಟೈಲರನನ್ನು ನಿಲ್ಲಿಸಿ ಬಾಗಿಲು ಹಾಕಿದರು. ದನಿ ತಗ್ಗಿಸಿ ಕೇಳಿದರು.

"ನನ್ನ ಪ್ಯಾಂಟು?"

ಇವತ್ತು ಒಮ್ಮೆ ನಿಜ ಹೇಳಿದ ಬಾಯಿಗೆ ಮುಚ್ಚಿಕೊಳ್ಳಲು ಆಗಲಿಲ್ಲ. "ಮೂರು ಸಲ, ಸಾರ್. ನೀವು ಜಿಪ್ಪು ರಿಪೇರಿಗೆ ಕೊಟ್ಟಾಗಲೆಲ್ಲ."

"ಇನ್ನು ಯಾರ್ಯಾರದು?"

ಟೈಲರ್ ಮತ್ತೆ ಕ್ಯಾಲೆಂಡರು ನೋಡಿದ. ಬಾಗಿಲಾಚೆ ಕಿವಿಗೊಟ್ಟಿದ್ದ ಔಷಧಿ ಕಟ್ಟುವ ಹುಡುಗಿಗೆ ಅಷ್ಟೇ ಸಾಕಾಗಿತ್ತು. ಅವಳು ಅಜ್ಜನಿಗೆ ಫೋನು ಮಾಡಿದಳು. ಅಜ್ಜ ಸುದ್ದಿಯನ್ನು ಎಂದಿನಂತೆ ಮನೆಮನೆಗೂ ತಲುಪಿಸಿದರು.

ಸಂಜೆ ನಾಲ್ಕಕ್ಕೆಲ್ಲ ಅಂಗಡಿಯ ಮುಂದೆ ಜನ. ಪ್ರತಿಯೊಬ್ಬರ ಕೈಯಲ್ಲೂ ಒಳಮಗ್ಗುಲು ಹೊರಗೆ ಮಾಡಿದ ಪ್ಯಾಂಟು, ಕುಪ್ಪಸ, ಕೋಟು. ಬೆಳಕಿಗೆ ಹಿಡಿದು ಸಾಲು ಎಣಿಸುತ್ತಿದ್ದರು. ಇಸ್ತ್ರಿಯಕ್ಕ, ಇಷ್ಟು ವರ್ಷ ಇಸ್ತ್ರಿ ಮಾಡಿಯೂ ನನಗೇ ಕಾಣಲಿಲ್ಲವಲ್ಲ ಎಂದು ಹಲುಬುತ್ತಿದ್ದಳು. ಅಜ್ಜನ ಲೆಕ್ಕ ಐದಕ್ಕೆ ಬಂದಿತ್ತು. ಇನ್ನು ನಿನ್ನ ಕೈಯಲ್ಲಿ ಬಟ್ಟೆ ಹೊಲಿಸುವುದಿಲ್ಲ ಎಂದು ಒಬ್ಬೊಬ್ಬರಾಗಿ ಹೇಳಿದರು.

ಮೂಲೆಯ ಬಟ್ಟೆಗಂಟುಗಳ ಮೇಲೆ ಪುಟ್ಟಿ ನಿದ್ದೆಹೋಗಿದ್ದಳು. ಗದ್ದಲದ ಮೇಲೆ ಅವಳ ಗೊರಕೆ ಏರಿ, ಇಳಿದು, ತಟ್ಟನೆ ನಿಂತಿತು.

"ಅಬ್ಬ, ನಿಂತಿತು," ಎಂದರು ಅಜ್ಜ.

"ಸ್ವಲ್ಪ ಸುಮ್ಮನಿರಿ," ಎಂದ ಟೈಲರ್. ಆ ದನಿಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಜನ ಎಣಿಸುವುದನ್ನು ನಿಲ್ಲಿಸಿದರು. ಅವನು ಗಂಟುಗಳ ಪಕ್ಕ ಮಂಡಿಯೂರಿ ಎಣಿಸತೊಡಗಿದ. ಒಂದು. ಎರಡು. ಮೂರು. ಏಳಾಯಿತು. ಎಂಟಾಯಿತು. ಇಂಥ ಮೌನ ಎರಡು ವರ್ಷದಲ್ಲಿ ಎಷ್ಟು ಬಂದು ಹೋಗಿದ್ದವು ಎಂದು ಅವನಿಗೆ ಗೊತ್ತಿರಲಿಲ್ಲ, ಅವು ಎಲ್ಲಿಯೂ ತೂತು ಉಳಿಸಿರಲಿಲ್ಲ. ಒಂಬತ್ತು. ಹತ್ತು.

ಮಗಳ ಭುಜಕ್ಕೆ ಕೈಯಿಟ್ಟು ಮೆಲ್ಲಗೆ ಮಗ್ಗುಲಾಗಿಸಿದ. ಪುಟ್ಟಿ ದೊಡ್ಡದಾಗಿ ಉಸಿರೆಳೆದುಕೊಂಡಳು. ಆ ಉಸಿರಿಗೆ, ಮಧ್ಯಾಹ್ನ ಅವನೇ ಅವಸರದಲ್ಲಿ ಹೊಸದಾಗಿ ಹಾಕಿಕೊಟ್ಟಿದ್ದ ಹುಕ್ಕು ಕಿತ್ತು ಹಾರಿತು.