ಬೆರಳುದ್ದದ ಸ್ಪ್ರಿಂಗಿನ ಗಡಿ ಪ್ರವೇಶ

ಬೆರಳುದ್ದದ ಒಂದು ಸ್ಪ್ರಿಂಗು. ತೂಕದಲ್ಲಿ ನನ್ನ ಹೆಂಡತಿಯ ಬೀಗದ ಕೈಗೊಂಚಲಿಗಿಂತ ಹಗುರ. ಅದನ್ನು ಕಸ್ಟಮ್ಸಿನವರು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಅರಗಿನ ಮುದ್ರೆಯೊತ್ತಿ ನನಗೆ ನೋಟೀಸು ಕಳಿಸಿದರು. ‘ಬಂದೂಕಿನ ಬಿಡಿಭಾಗವನ್ನು ಪೂರ್ವಾನುಮತಿಯಿಲ್ಲದೆ ಗಡಿ ದಾಟಿಸಿಕೊಂಡ ಶ್ರೀಯುತರು’ ಅಂತೆ! ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಊರಿನ ನೀರಿನ ಪಂಪುಗಳನ್ನು ರಿಪೇರಿ ಮಾಡಿ ಓಡಿಸಿದ ಈ ಕೈಗೆ ಸಿಕ್ಕ ಬಿರುದು ನೋಡಿ.

ಬಂದೂಕು ನನ್ನ ಅಪ್ಪನದು. ಗುರಿ ಹೊಡೆಯುವ ಪಂದ್ಯದಲ್ಲಿ ಗೆದ್ದದ್ದು. ಅಪ್ಪ ಹೋದ ಮೇಲೆ ಅದು ನಡುಮನೆಯ ಗೋಡೆಯ ಮೇಲೆ ತೂಗುತ್ತಾ, ಒಂದು ಇಲಿಯನ್ನೂ ಹೆದರಿಸದೆ, ಲೈಸೆನ್ಸು ಸಮೇತ ಸುಖವಾಗಿತ್ತು. ಈ ಸಲ ಲೈಸೆನ್ಸು ಹೊಸದು ಮಾಡಿಸಲು ಹೋದರೆ ಠಾಣೆಯ ಆಯುಧ ಪರೀಕ್ಷಕ ಅದರ ಹೊಟ್ಟೆ ಬಿಚ್ಚಿ ನೋಡಿ, “ಒಳಗೆ ಸ್ಪ್ರಿಂಗೇ ಇಲ್ವಲ್ಲ ಯಜಮಾನ್ರೇ. ಮೂರು ತಿಂಗಳೊಳಗೆ ಸರಿಮಾಡಿ ತನ್ನಿ. ಇಲ್ಲಾಂದ್ರೆ ಕರಗಿಸೋಕೆ ಕಳಿಸ್ತೀವಿ” ಎಂದ.

ಕರಗಿಸುವುದು! ನನ್ನ ಅಪ್ಪನ ಬಂದೂಕನ್ನು!

ಸ್ಪ್ರಿಂಗು ಕದ್ದವನು ಯಾರೆಂದು ನನಗೆ ಕ್ಷಣದಲ್ಲೇ ಹೊಳೆಯಿತು. ಹಿಂದೊಮ್ಮೆ ಎಣ್ಣೆ ಹಾಕಲು ಕೊಟ್ಟಿದ್ದ ಆ ಕೋವಿ ಅಂಗಡಿಯ ಮೀಸೆಯವನೇ. ಅವನ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿ ಬಂದೆ. ನಾನೇ ಒಂದು ಸ್ಪ್ರಿಂಗು ಮಾಡಿಬಿಡುತ್ತಿದ್ದೆ, ಆ ಉಕ್ಕು ಇಲ್ಲಿ ಸಿಗುವುದಿಲ್ಲ. (ನನ್ನ ಕೈಗೆ ಬಿದ್ದ ಯಂತ್ರ ಸತ್ತದ್ದಿಲ್ಲ. ನನ್ನ ಹೆಂಡತಿಯ ಹೊಲಿಗೆ ಮಿಷನ್ನನ್ನೇ ಕೇಳಿ. ಕಂಪನಿಯವರು ಕೈಬಿಟ್ಟದ್ದನ್ನು ನಾನು ಬದುಕಿಸಿದೆ. ಹನ್ನೆರಡು ವರ್ಷದಿಂದ ಕುದುರೆಯ ಹಾಗೆ ಓಡುತ್ತಿದೆ.) ಕಡೆಗೆ ಬಂದೂಕು ಹುಟ್ಟಿದ ದೇಶದ ಕಾರ್ಖಾನೆಗೇ ಬರೆದು, ಅವರು ಕಳಿಸಿದ ಅರ್ಜಿ ತುಂಬಿ ತರಿಸಿದೆ.

“ಅರ್ಜಿಯ ಹಿಂದೆ ಸಣ್ಣಕ್ಷರದಲ್ಲಿ ಏನೋ ಇದೆ, ಓದ್ರೀ” ಎಂದಿದ್ದಳು ಹೆಂಡತಿ ಆಗಲೇ.

“ಸೂಚನೆ ಓದೋದು ಕೆಲಸ ಬರದವರ ಕೆಲಸ ಕಣೇ” ಎಂದಿದ್ದೆ. ಉದ್ದೇಶ ಎಂಬಲ್ಲಿ ‘ಸ್ವಂತ ಬಳಕೆ’ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆರಡು ಗೆರೆ ಎಳೆದಿದ್ದೆ.

ವಿಚಾರಣೆಯ ದಿನ ಹೆಂಡತಿಯೂ ಹೊರಟಳು. “ನೀವು ಬಾಯಿಗೆ ಬಂದದ್ದು ಅಂದು ಒಳಗೆ ಹೋದ್ರೆ, ಬಿಡಿಸ್ಕೊಂಡು ಬರೋಕೆ ಯಾರಾದ್ರೂ ಬೇಡ್ವಾ?”

ಕಸ್ಟಮ್ಸ್ ಕಚೇರಿಯಲ್ಲಿ ಕಡತಗಳ ಗೋಡೆಯ ಹಿಂದೆ ಕನ್ನಡಕದ ಅಧಿಕಾರಿಣಿಯೊಬ್ಬಳು ಕುಳಿತಿದ್ದಳು. ಕೂರಿ ಎನ್ನುವವರೆಗೂ ಕಾಯದೆ ನಾನು ಶುರುಮಾಡಿದೆ.

“ಏನಮ್ಮಾ, ಇದು ಬಂದೂಕಾ?”

“ಬಂದೂಕಿನ ಭಾಗ. ಭಾಗಕ್ಕೂ ಅನುಮತಿ ಬೇಕು. ತಿರುಪಿಗೂ ಬೇಕು.”

“ಹಾಗಾದ್ರೆ ಗುಂಡಿಯೊಂದೇ ಅಂಗಿ ಆಗುತ್ತಾ? ಒಂದು ಗುಂಡಿ ಹಾಕ್ಕೊಂಡು ನಾನು ಬೀದೀಲಿ ಓಡಾಡ್ಲಾ?”

“ಓಡಾಡಬೇಡಿ” ಎಂದಳು ಆಕೆ ತಲೆಯೆತ್ತದೆ, “ಅದು ಬೇರೆ ಇಲಾಖೆ.”

ಮೇಜು ಗುದ್ದಿದೆ. ಮಸಿ ಕುಡಿಕೆ ಹಾರಿತು. ಅಪ್ಪನ ಪಂದ್ಯ, ನನ್ನ ಪಂಪುಗಳು, ಮೀಸೆಯವನ ಕಳ್ಳತನ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, “ಕಳ್ಳನನ್ನ ಬಿಟ್ಟು ಕಳಕೊಂಡವನನ್ನ ಹಿಡೀತೀರಲ್ಲ!” ಎಂದು ಗುಡುಗಿದೆ.

ಆಕೆ ಸಾವಧಾನವಾಗಿ ಪೆಟ್ಟಿಗೆ ತೆರೆದು ಸ್ಪ್ರಿಂಗನ್ನು ಕಾಗದದ ಮೇಲಿಟ್ಟಳು. “ನೀವು ತರಿಸಿದ್ದು ಇದೇ ತಾನೇ?”

ಚಪ್ಪಟೆ ಉಕ್ಕು, ಮಧ್ಯೆ ಮಡಚಿದ್ದು, ತುದಿಯಲ್ಲೊಂದು ತೂತು. ಹೆಂಡತಿ ಬಗ್ಗಿ ನೋಡಿದಳು.

“ಅಯ್ಯೋ, ಇದು ನನ್ನ ಮಿಷನ್ನಿಂದಲ್ವೇನ್ರೀ?”

“ನಿನ್ನ ಮಿಷನ್ನೇನೇ? ಇದು ಬಂದೂಕಿಂದು!”

“ಅದೇ ಅಂತೀನಿ. ಆ ವರ್ಷ ಮಿಷನ್ ನಿಂತಾಗ ಎಲ್ಲಿಂದಲೋ ತಂದು ಹಾಕಿದ್ರಲ್ಲ. ಎಲ್ಲಿ ಸಿಕ್ತು ಅಂದ್ರೆ, ‘ಅಂಗಡೀಲಿ ಸಿಗೋದಲ್ಲ, ನನ್ನ ತಲೇಲಿ ಹುಟ್ಟಿದ್ದು’ ಅಂತ ಎದೆ ಉಬ್ಬಿಸಿದ್ರಿ. ದಿನಾ ಎಣ್ಣೆ ಬಿಡೋಳು ನಾನು, ನಂಗೆ ಗೊತ್ತಾಗಲ್ವಾ?”

ಕಣ್ಣ ಮುಂದೆ ಹನ್ನೆರಡು ವರ್ಷದ ಹಿಂದಿನ ಮಧ್ಯಾಹ್ನ ಬಂದು ನಿಂತಿತು. ಗೋಡೆಯಿಂದ ಇಳಿಸಿದ ಬಂದೂಕು. ನನ್ನದೇ ಕೈಯ ತಿರುಪುಳಿ. ‘ನಾಳೆ ಬೇರೆ ಹಾಕಿದರಾಯಿತು’ ಎಂದ ನನ್ನದೇ ಬಾಯಿ.

ಅಧಿಕಾರಿಣಿ ಮೊದಲ ಬಾರಿಗೆ ಕನ್ನಡಕ ತೆಗೆದು ನನ್ನನ್ನು ನೋಡಿದಳು. “ಕಳ್ಳನ ಹೆಸರು ಬರ್ಕೊಳ್ಲಾ?”

ನಾನು ಬಗ್ಗಿ ಮಸಿ ಕುಡಿಕೆ ಎತ್ತಿಟ್ಟೆ. ಹೊಸ ಸ್ಪ್ರಿಂಗು ಮುಟ್ಟುಗೋಲು, ನನಗೆ ಎಚ್ಚರಿಕೆ ಪತ್ರ. ಮಸಿ ಒರೆಸಿದ್ದೂ ನಾನೇ.

ಠಾಣೆಯವರ ಗಡುವಿಗೆ ಐದೇ ದಿನ ಉಳಿದಿತ್ತು. ಮನೆಗೆ ಬಂದವನೇ ತಿರುಪುಳಿ ಹಿಡಿದು ಮಿಷನ್ನಿನ ಹತ್ತಿರ ಹೋದರೆ, ಹೆಂಡತಿ ಅದರ ಮೇಲೆ ಎರಡೂ ಕೈ ಚಾಚಿ ನಿಂತಿದ್ದಳು.

“ಶಾಲೆಯ ನಲವತ್ತು ಅಂಗಿ ಒಪ್ಕೊಂಡಿದೀನಿ. ಪೂರ್ವಾನುಮತಿ ಎಲ್ಲಿ?”

“ಏಯ್, ನಮ್ಮಪ್ಪನ ಬಂದೂಕು ಕಣೇ!”

“ನಮ್ಮಪ್ಪ ಕೊಟ್ಟ ಮಿಷನ್ನು ಕಣ್ರೀ!”

ಬಟ್ಟೆ ಅಳತೆಯ ಚೀಟಿಯ ಬೆನ್ನಿಗೆ ಅವಳೇ ಅರ್ಜಿ ಬರೆದು ಮುಂದಿಟ್ಟಳು. ವಸ್ತು ಯಾವುದು, ಎಲ್ಲಿಂದ ಎಲ್ಲಿಗೆ, ಉದ್ದೇಶವೇನು. ನಾನು ಹಲ್ಲು ಕಡಿಯುತ್ತಾ ‘ಸ್ವಂತ ಬಳಕೆ’ ಎಂದು ಬರೆದೆ. ಈ ಸಲ ಗೆರೆ ಎಳೆಯಲಿಲ್ಲ. ಅವಳು ಓದಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಅಡ್ಡಡ್ಡ ಗೀಚಿದಳು: ‘ಅಂಗಿ ಮುಗಿಯುವವರೆಗೆ ತಡೆಹಿಡಿಯಲಾಗಿದೆ.’

“ಬೇಗ ಮುಗೀಬೇಕಾ? ಹಾಗಾದ್ರೆ ಕೈ ಸೇರಿಸಿ.” ಒಂದು ಸೂಜಿ ಕೊಟ್ಟಳು.

ನಾಲ್ಕು ದಿನ ಕೂತು ಹೊಲಿದೆ. ಪಂಪು ಎತ್ತಿದ ಬೆರಳುಗಳೆಲ್ಲ ತೂತು. ಬೀದಿಯಲ್ಲಿ ಹೋಗುತ್ತಿದ್ದ ಮೀಸೆಯವನು ಕಿಟಕಿಯಲ್ಲಿ ಇಣುಕಿ, ಮೀಸೆ ತಿರುವಿ ಹೋದ. ಕಡೆಯ ಸಂಜೆ ನಲವತ್ತನೆಯ ಅಂಗಿಯನ್ನು ಅವಳ ಮುಂದೆ ಎಸೆದು, “ತಗೋ, ಮುಗೀತು! ಬಿಚ್ಚಲಾ ಸ್ಪ್ರಿಂಗು?” ಎಂದೆ.

ಅವಳು ಅಂಗಿಯನ್ನು ಬೆಳಕಿಗೆ ಹಿಡಿದು, ಕೆಳಗಿಂದ ಮೇಲಕ್ಕೆ ಬೆರಳಿಟ್ಟು ಗುಂಡಿ ಎಣಿಸಿ, ಕೊರಳ ಹತ್ತಿರ ನಿಲ್ಲಿಸಿದಳು.

“ಇಲ್ಲೊಂದು ಗುಂಡಿ ಬಿಟ್ಟಿದೀರಿ. ಇದು ಅಂಗಿ ಹೇಗಾಗುತ್ತೆ ರೀ?”