ಒಡೆಸ್ಸಕ್ಕನ ಮೇಲಿನ ಸ್ವರ

ಸಾರ್ವಜನಿಕರ ಗಮನಕ್ಕೆ: ಕ್ಯಾನ್ಸಸ್ ಸಿಟಿಯ ಹದಿನೆಂಟನೇ ಬೀದಿಯ ಜಾಝ್ ಗಾಯಕಿ ಒಡೆಸ್ಸಾ ಟಿಬ್ಸ್ ಅವರ ಗಂಟಲಿನಿಂದ ಒಂದು ಮೇಲಿನ ಸ್ವರ ಕಾಣೆಯಾಗಿದೆ. ಸಿಕ್ಕವರು ಅವರಿಗೇ ತಲುಪಿಸತಕ್ಕದ್ದು. ಬ್ಯಾಂಡಿನ ಯಜಮಾನರ ಕಿವಿಗೆ ಮಾತ್ರ ಹಾಕತಕ್ಕದ್ದಲ್ಲ.

ಸ್ವರ ಹೋಗಿದ್ದು ವಯಸ್ಸಿನ ಜೊತೆ. ಇವತ್ತು ನೋಡಿದರೆ ಆಲ್ಬಂ ರೆಕಾರ್ಡಿಂಗು. ಹಾಡಿನ ಕೊನೆಯಲ್ಲಿ ಆ ಸ್ವರ ಹಿಡಿದು ನಿಲ್ಲಲೇಬೇಕು. ಶ್ರುತಿ ಕೊಂಚ ಇಳಿಸಿ ಎಂದು ಕೇಳುವ ಹಾಗಿಲ್ಲ. ಯಜಮಾನ ಮೇಹ್ಯೂ ಹೋದ ವಾರವೇ ಗುಡುಗಿದ್ದ: "ಶ್ರುತಿ ಇಳಿಸಲ್ಲ. ಆಗಲ್ಲ ಅನ್ನೋರು ಸ್ಟೇಜ್ ಇಳೀಬಹುದು. ಬರ್ನಡೀನ್ ಕಾಯ್ತಾ ಇದಾಳೆ."

ಬರ್ನಡೀನ್ ಹಾಡಲು ಹೊಸದಾಗಿ ಬಂದ ಚಿಕ್ಕ ಹುಡುಗಿ. ಆಕಳಿಸಿದರೂ ಆ ಸ್ವರ ಬರುತ್ತದೆ.

ಆದ್ದರಿಂದ ಒಡೆಸ್ಸಾ ಬೆಳಗ್ಗೆಯೇ ಸ್ಟುಡಿಯೋಗೆ ಬಂದು, ಪಿಯಾನೊ ಶ್ರುತಿ ಮಾಡುವ ಲುಟ್ರೆಲ್‌ನನ್ನು ಬಾಗಿಲಲ್ಲೇ ಹಿಡಿದಳು.

"ಅಣ್ಣಾ, ಪಿಯಾನೋನ ಅರ್ಧ ಸ್ವರ ಇಳಿಸಿಬಿಡು. ಇಡೀ ಬ್ಯಾಂಡು ಅದಕ್ಕೇ ಶ್ರುತಿ ಸೇರಿಸ್ಕೊಳ್ಳತ್ತೆ. ಯಾರಿಗೂ ಗೊತ್ತಾಗಲ್ಲ."

"ನಾನು ಚರ್ಚಲ್ಲಿ ಹಿರಿಯ ಕಣಮ್ಮ. ನನ್ನ ಕೈಲಿ ಮೋಸ ಮಾಡಿಸ್ತೀಯಾ?"

"ಗೆಣಸಿನ ಪೈ ತಂದಿದೀನಿ."

ಲುಟ್ರೆಲ್ ಪೈ ಮೇಲೆ ಮುಚ್ಚಿದ್ದ ಬಟ್ಟೆ ಎತ್ತಿ ಮೂಸಿದ. "ಜಾಯಿಕಾಯಿ ಹಾಕಿದೀಯಾ?"

"ಹಾಕ್ದೆ ಇರ್ತೀನಾ?"

"ಪೂರ್ತಿ ಸ್ವರ ಇಳಿಸಿದ್ರೆ ಮೋಸ. ಅರ್ಧಕ್ಕೆ ದೇವರು ಕಣ್ಣು ಮುಚ್ಕೋತಾನೆ."

ಬ್ಯಾಂಡಿನವರು ಬಂದರು. ಪಿಯಾನೊಗೆ ಶ್ರುತಿ ಸೇರಿಸಲು ಹೋಗಿ ಸ್ಯಾಕ್ಸೊಫೋನಿನವರು ವಾದ್ಯದ ಮೂತಿ ಎಳೆದೂ ಎಳೆದೂ ಅದು ಹಾಲುಹಲ್ಲಿನಂತೆ ಅಲ್ಲಾಡತೊಡಗಿತು. ತುತ್ತೂರಿಯವರು ವಾದ್ಯದ ಶ್ರುತಿ ಏರಿಸಿದ ಸೆಕೆಯನ್ನು ಬೈದರು. ಟ್ರಾಂಬೋನಿನವರಿಗೆ ಮಾತ್ರ ಚಿಂತೆಯಿಲ್ಲ. ಎಳೆಯುವುದೇ ಅವರ ಕಸುಬು, ವಾದ್ಯವಾದರೂ ಸರಿ, ಮಾತಾದರೂ ಸರಿ.

ಮುದುಕ ಕ್ಲಿಯೋಫಸ್ ಸ್ಯಾಕ್ಸೊಫೋನ್ ಕೆಳಗಿಟ್ಟ. "ಪಿಯಾನೊ ಇಳಿದಿದೆ ಕಣ್ರೋ. ನನ್ನ ಕಿವಿ ಸುಳ್ಳು ಹೇಳಲ್ಲ."

ಒಡೆಸ್ಸಾಳ ಎದೆ ಡ್ರಮ್ಮಿನವನಿಗಿಂತ ಮುಂದೆ ಓಡಿತು. "ಕ್ಲಿಯೋಫಸ್ ಮಾವ, ನಿನ್ನೆ ಎಷ್ಟು ಏರಿಸಿದ್ದೆ?"

"ಎರಡೇ ಗ್ಲಾಸು."

"ಅದಕ್ಕೇ. ನೀನು ಏರಿದೀಯ, ಪಿಯಾನೊ ಅಲ್ಲೇ ಇದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕ್ಲಿಯೋಫಸ್‌ಗೇ ಅನುಮಾನ ಬಂದು, ಕಿವಿಯೊಳಗೆ ಕಿರುಬೆರಳು ತಿರುವಿ ಮತ್ತೆ ವಾದ್ಯ ಎತ್ತಿಕೊಂಡ. "ಪಿಯಾನೊ ಹೇಳಿದ್ದೇ ಪ್ರಮಾಣ!" ಎಂದು ಮೇಹ್ಯೂ ಪಿಯಾನೊ ಮುಂದೆ ಕೂತು ಮೊದಲ ಸ್ವರ ಒತ್ತಿದ.

ಒಡೆಸ್ಸಾ ಹಾಡಿದಳು. ಕೊನೆಯ ಸ್ವರ ತವರಿಗೆ ಬಂದ ಮಗಳಂತೆ ತಾನಾಗಿ ಬಂದು ಕೂತಿತು. ಹಿಂದೆ ಇಡೀ ಬ್ಯಾಂಡು ಮೊರೆಯಿತು. ಶ್ರುತಿ ಇಳಿದದ್ದಕ್ಕೆ ಅವಳ ಎದೆಭಾರವೂ ಇಳಿಯಿತು.

ಎಲ್ಲರೂ ಟೇಪು ಕೇಳಲು ಗಾಜಿನ ಕೋಣೆಗೆ ನುಗ್ಗಿದರು. ರೆಕಾರ್ಡಿಂಗಿನ ವೆಂಡೆಲ್ ತುಸು ಕೇಳಿ ಹುಬ್ಬು ಗಂಟಿಕ್ಕಿದ. ಜೇಬಿನಿಂದ ಶ್ರುತಿ ನೋಡುವ ಕವಲುಕಡ್ಡಿ ತೆಗೆದು ಮೊಣಕಾಲಿಗೆ ತಟ್ಟಿ ಕಿವಿಗೆ ಹಿಡಿದ.

"ಸಾರ್, ಅರ್ಧ ಸ್ವರ ಕಮ್ಮಿ ಬರ್ತಿದೆ. ಈ ದರಿದ್ರ ಯಂತ್ರ ಮತ್ತೆ ನಿಧಾನಕ್ಕೆ ತಿರುಗ್ತಿದೆ. ಕಡ್ಡಿಗೆ ಸರಿಹೋಗದ ರೆಕಾರ್ಡನ್ನ ನಮ್ಮ ಕಂಪನಿ ಹೊರಗೆ ಬಿಡಲ್ಲ. ತಾಳಿ, ವೇಗ ಏರಿಸ್ತೀನಿ, ಶ್ರುತಿನೂ ಏರತ್ತೆ."

"ಬೇಡ ಬಿಡಪ್ಪಾ, ಹಾಗೇ ಚೆನ್ನಾಗಿದೆ..." ಎಂದಳು ಒಡೆಸ್ಸಾ.

ವೆಂಡೆಲ್ ಗುಂಡಿ ತಿರುಗಿಸಿಯಾಗಿತ್ತು. ಹಾಡು ಮೇಲೇರಿತು. ಅವಳ ದನಿಯಿಂದ ಇಪ್ಪತ್ತು ವರ್ಷ ಉದುರಿಬಿತ್ತು. ಕೊನೆಯಲ್ಲಿ ಆ ಕಾಣೆಯಾದ ಸ್ವರ, ಅದೇ ಎತ್ತರದಲ್ಲಿ, ಗಾಜು ನಡುಗುವಂತೆ ಮೊಳಗಿತು.

ಮೇಹ್ಯೂ ಕಣ್ಣೊರೆಸಿಕೊಂಡ. "ಒಡೆಸ್ಸಾ, ತಾಯೀ, ನಿನ್ನನ್ನ ಅನುಮಾನಿಸಿದ್ನಲ್ಲ, ನನ್ನ ನಾಲಿಗೆಗೆ ಬೆಂಕಿ ಹಾಕ. ಶನಿವಾರ ಡಾನ್ಸ್ ಹಾಲಲ್ಲಿ ಇದನ್ನೇ ಹಾಡಿಸ್ತೀನಿ. ಬರ್ನಡೀನ್‌ನ ಮುಂದಿನ ಸಾಲಲ್ಲಿ ಕೂರಿಸ್ತೀನಿ, ನೋಡಿ ಕಲೀಲಿ. ಆಮೇಲೆ, ನಿನಗೆ ಇಷ್ಟು ಸಲೀಸು ಅಂತ ಗೊತ್ತಾಯ್ತಲ್ಲ, ಇನ್ನೂ ಅರ್ಧ ಸ್ವರ ಏರಿಸಿಬಿಡೋಣ!"