ಹಳೆಯ ಆವೃತ್ತಿಯ ಹೆಂಡತಿಯನ್ನು ಹಿಂದಿರುಗಿಸುವ ಕುರಿತು

ಟ್ಯಾಬ್ಲೆಟ್ ಕಂಪನಿಯ ಅಪ್‌ಡೇಟ್ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ನಮ್ಮ ಏಳಿಗೆಯ ಚಿಂತೆಯಲ್ಲಿ ಸೊರಗುತ್ತಿರುವ ತಮಗೆ, ಕೈಗಡಿಯಾರ ರಿಪೇರಿ ಮಾಡಿಕೊಂಡಿರುವ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕೇಳದೆ ಕೊಡುವವನೇ ನಿಜವಾದ ದಾನಿ ಎನ್ನುವುದಾದರೆ, ಹೇಳದೆಯೂ ಅಪ್‌ಡೇಟ್ ಕೊಟ್ಟ ತಮ್ಮಂಥ ದಾನಿಯನ್ನು ನಾನು ಕಂಡಿಲ್ಲ.

ನನ್ನ ಹೆಂಡತಿ ಮೂವತ್ತು ವರ್ಷ ಟೈಪಿಸ್ಟ್ ಆಗಿದ್ದವಳು. ಹೋದ ವರ್ಷ ಪಾರ್ಶ್ವವಾಯು ಬಡಿದು ಮಾತೂ ಬಲಗೈಯೂ ನಿಂತುಹೋದಾಗ ತಮ್ಮ ಟ್ಯಾಬ್ಲೆಟ್ಟೇ ಅವಳ ಬಾಯಾಯಿತು. ಚಿತ್ರ ಒತ್ತಿದರೆ ಅದು ಮಾತಾಡುತ್ತಿತ್ತು. ಕೀಲಿ ನೋಡಿಕೊಂಡು ಟೈಪ್ ಮಾಡುವವರನ್ನು ಮನುಷ್ಯರ ಲೆಕ್ಕಕ್ಕೇ ಸೇರಿಸದ ಅವಳು, ನಲವತ್ತು ಚಿತ್ರಗಳ ಜಾಗವನ್ನು ಮೂರೇ ದಿನದಲ್ಲಿ ಎಡಗೈಗೆ ಕಲಿಸಿ, ಆಮೇಲೆ ಪರದೆ ನೋಡುವುದನ್ನೇ ಬಿಟ್ಟಳು. ಬಯ್ಯುವಾಗ ಬೈಸಿಕೊಳ್ಳುವವನ ಮುಖ ನೋಡಬೇಕಲ್ಲವೇ?

ತಮ್ಮ ಹೊಸ ಆವೃತ್ತಿ ಬಂದು, ನಮ್ಮ ಅನುಕೂಲಕ್ಕಾಗಿಯೇ ಚಿತ್ರಗಳನ್ನು ದಿನಕ್ಕೊಂದು ಜಾಗಕ್ಕೆ ಓಡಾಡಿಸತೊಡಗಿದ್ದು ನಮಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಮನೆಯಾಕೆ ಇದ್ದಕ್ಕಿದ್ದಂತೆ ಬೆಣ್ಣೆಯಾಗಿದ್ದಳು. ನಾನು ಚಹಾ ತಡಮಾಡಿದರೆ 'ತುಂಬಾ ಧನ್ಯವಾದ', ಸೊಸೆ ಬಾಗಿಲು ದಡಾರನೆ ಹಾಕಿದರೆ 'ನೀನೇ ನನ್ನ ಬಂಗಾರ'. ಸೋತು ಪರದೆ ನೋಡುವುದು ಅವಳ ಜಾಯಮಾನವಲ್ಲ; ಅವಳು ಸಿಟ್ಟಿನಿಂದ ಗುದ್ದಿದಷ್ಟೂ ಅದು ಇನ್ನಷ್ಟು ಹೊಗಳಿತು. ಅವಳ ತಂಗಿ ಈ ಪವಾಡ ನೋಡಲೆಂದೇ ಬಂದುಹೋದಳು. ಕೆಂಪಾದ ಕಣ್ಣುಗಳನ್ನು ನಾವು ಆನಂದಬಾಷ್ಪದ ಲೆಕ್ಕಕ್ಕೆ ಹಾಕಿದೆವು. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಹೊಗಳಿಸಿಕೊಂಡ ನಾನಂತೂ ಏನನ್ನೂ ಪರೀಕ್ಷಿಸಲು ಹೋಗಲಿಲ್ಲ.

ಹದಿನೈದನೆಯ ದಿನ ಮಧ್ಯಾಹ್ನ ಅವಳು ನನ್ನನ್ನೇ ನೋಡುತ್ತ ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿದಳು. 'ಇವತ್ತು ಹವೆ ಚೆನ್ನಾಗಿದೆ' ಎಂದಿತು ಟ್ಯಾಬ್ಲೆಟ್. ನಾನು ಕಿಟಕಿ ತೆರೆದು, ಬಿಚ್ಚಿಟ್ಟ ಗಡಿಯಾರದ ಮುಂದೆ ಮತ್ತೆ ಕೂತೆ. ಹಳೆಯ ಆವೃತ್ತಿಯಲ್ಲಿ ಅದು 'ಎದೆ ನೋಯುತ್ತಿದೆ' ಎನ್ನುವ ಜಾಗ. ಅರ್ಧ ಗಂಟೆಯ ಮೇಲೆ ಸೊಸೆ ಬಂದು ಅವಳು ಬೆವರುತ್ತಿರುವುದನ್ನು ಕಂಡು ಡಾಕ್ಟರನ್ನು ಕರೆಸಿದ್ದರಿಂದ ಅವಳು ಉಳಿದಳು. ಆ ಅರ್ಧ ಗಂಟೆಗಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ಹಳೆಯ ಆವೃತ್ತಿಯನ್ನೇ ಹಾಕಿಕೊಡಿ ಎಂದು ತಮ್ಮ ಸರ್ವಿಸ್ ಸೆಂಟರಿಗೆ ಓಡಿದರೆ, ಹಿಂದಕ್ಕೆ ಹೋಗಲು ಹದಿನಾಲ್ಕು ದಿನ ಮಾತ್ರ ಅವಕಾಶ, ಅದೂ ನಮ್ಮ ಸುರಕ್ಷತೆಗಾಗಿ ಎಂದರು. ಮುಳ್ಳನ್ನು ಹಿಂದಕ್ಕೆ ತಿರುಗಿಸಿದ್ದರಿಂದ ಯಾರಿಗಾದರೂ ಅಪಾಯವಾದದ್ದನ್ನು ನನ್ನ ಅಂಗಡಿ ಕಂಡಿಲ್ಲ. ಆದರೂ ತಮ್ಮ ಜಾಣತನದ ಮುಂದೆ ನಾನೆಷ್ಟರವನು? ಕೈಮುಗಿದು ಕೇಳುವುದಿಷ್ಟು: ಹಳೆಯದನ್ನು ಕೊಡಿ, ಆಗದಿದ್ದರೆ ನನ್ನ ಹೆಂಡತಿಯ ಎಡಗೈಗೊಂದು ಅಪ್‌ಡೇಟ್ ಕಳಿಸಿ, ಅದೂ ಆಗದಿದ್ದರೆ ತಾವೇ ದಯಮಾಡಿಸಿ, ಅವಳ ಪಕ್ಕದಲ್ಲಿ ಕೂತು, ಅವಳು ಹೇಳಹೊರಟದ್ದು ಏನೆಂದು ದಿನವಿಡೀ ನಮಗೆ ತಿಳಿಸುತ್ತಿರಿ.

ಹೊಗಳಿಸಿಕೊಂಡು ಸಾಕಾಗಿರುವ,
ತಮ್ಮ ವಿಶ್ವಾಸಿ,
ಕೈಗಡಿಯಾರ ರಿಪೇರಿಯವನು

ತಾ.ಕ.: ಹೊಸ ಆವೃತ್ತಿ ಹೇಗಿದೆ ಎಂದು ತಾವು ದಿನಾ ಪರದೆಯ ಮೇಲೆ ವಿಚಾರಿಸುತ್ತಿದ್ದೀರಿ. ಉತ್ತರ ಕೊಡಲು ನಾನು ಕೈ ಹಾಕಿದರೆ ಅವಳು ತಟ್ಟಿ ಸರಿಸುತ್ತಾಳೆ, ತಾನೇ ಹೇಳಬೇಕಂತೆ. ಅದಕ್ಕಾಗಿಯಾದರೂ ಹಳೆಯದನ್ನು ಹತ್ತು ನಿಮಿಷ ಹಿಂದಿರುಗಿಸಿ. ಅದರಲ್ಲಿದ್ದ ಹನ್ನೊಂದು ಬೈಗುಳಗಳನ್ನು ಅವಳು ನನಗೆಂದೇ, ನನ್ನಿಂದಲೇ ಹೇಳಿಸಿ, ನನ್ನ ದನಿಯಲ್ಲೇ ತುಂಬಿಸಿಟ್ಟಿದ್ದಳು. ಅಷ್ಟನ್ನೂ ತಮಗೆ ಸಂತೋಷದಿಂದ ಬಿಟ್ಟುಕೊಡುತ್ತೇನೆ.